ತಾಯಿ ಪೇಟಿಯ ಧೈವತ

ಆ ಭಾನುವಾರ ಮುಂಜಾನೆ ಬೆಟಗೇರಿಯ ನಮ್ಮ ಹಳೇ ಮಗ್ಗದ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬಲಗೋಡೆಗೆ ಒರಗಿ ಲಕ್ಷ್ಮೇಶ್ವರದ ಭಜನಾ ಮೇಳ. ಎಲ್ಲರೂ ಕಾಳುಕಡಿ ವ್ಯಾಪಾರದವರು, ಕುಂತಲ್ಲೇ ಬೆರಳಿನಿಂದ ಚಾಪೆಯ ಮೇಲಿನ ಕಸ ಆರಿಸುವ ಚಾಳಿಯವರು. ಎಡಗೋಡೆಗೆ ಶಿರಹಟ್ಟಿಯವರು; ಅರ್ಧಕ್ಕರ್ಧ ಮಾಸ್ತರರು, ಹಾಗಾಗಿ ಯಾರೂ ಕೇಳದಿದ್ದರೂ ತಮ್ಮ ಹಾಜರಿ ತಾವೇ ಹೇಳಿಕೊಂಡು ಕುಂತಿದ್ದರು. ಬಾಗಿಲ ಹತ್ತಿರ ಮುಂಡರಗಿಯವರು. ಬಸ್ಸು ತಪ್ಪೀತೆಂಬ ಚಿಂತೆಗೆ ಅವರು ಎಲ್ಲಿಗೆ ಹೋದರೂ ಬಾಗಿಲ ಹತ್ತಿರವೇ ಕೂಡುವ ಮಂದಿ. ನಟ್ಟನಡುವೆ ನಮ್ಮ ಬೆಟಗೇರಿಯ ಹೆಂಗಸರ ಮೇಳ, ಅದರ ಮುಂದಾಳು ನನ್ನ ಸೋದರತ್ತೆ. ಮೇಳಕ್ಕೊಂದರಂತೆ ನಾಲ್ಕು ಪೇಟಿ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಅನ್ನುವುದು. ಮೂಲೆಯಲ್ಲಿ ಇಬ್ಬರು ಪಿಟೀಲಿನವರು, ಒಬ್ಬ ಕೊಳಲಿನವ, ಮತ್ತೆ ಹುಬ್ಬಳ್ಳಿಯಿಂದ ಕೀಬೋರ್ಡ್ ಹೊತ್ತುಕೊಂಡು ಬಂದಿದ್ದ ಒಬ್ಬ ಬಹಳ ಮರ್ಯಾದಸ್ಥ ಹುಡುಗ. ಮಗ್ಗ ಹೋಗಿದ್ದರೂ ನೆಲದಲ್ಲಿ ತೋಡಿದ ಅದರ ಕುಣಿಯನ್ನು ನಾವು ಮುಚ್ಚಿರಲಿಲ್ಲ. ಅದರ ಅಂಚಿಗೆ ಕುಂತು, ಕಾಲು ಒಳಗೆ ಇಳಿಬಿಟ್ಟುಕೊಂಡು, ನಮ್ಮಪ್ಪ. ನಾನು ಇವರೆಲ್ಲರ ಎದುರು ಒಂದು ತಗಡಿನ ಟ್ರಂಕಿನ ಮೇಲೆ ನಿಂತಿದ್ದೆ. ನಿಲ್ಲುವುದು, ಕೈ ಆಡಿಸುವುದು. ಅದೇ ನನ್ನ ಕಸುಬು.

ಗದಗಿನಲ್ಲಿ ಹೊಸದಾಗಿ ಕಟ್ಟಿದ ಒಂದು ಸಭಾಂಗಣದ ಉದ್ಘಾಟನೆಗೆ ನಾಲ್ಕೂ ಊರಿನ ಮೇಳ ಕೂಡಿಸಿ ಒಂದು ದೊಡ್ಡ ಹಾಡು ಹಾಡಿಸಬೇಕಿತ್ತು. ಪದ ಬರೆದವರು ಶಿರಹಟ್ಟಿ ಮೇಳದ ಒಬ್ಬ ಮಾಸ್ತರರು, ಕಪ್ಪತಗುಡ್ಡದ ಗಾಳಿಯ ಮೇಲೆ. ಭೂಪ ರಾಗದಲ್ಲಿ ಅದಕ್ಕೆ ಸ್ವರ ಕೂಡಿಸಿದವನು ನಾನು. ಐದೇ ಸ್ವರದ ಸರಳ ರಾಗ, ಶಾಲೆಯ ಮಕ್ಕಳೂ ಹಾಡುವಂಥದ್ದು. ಇನ್ನು ಮೂರು ವಾರ ಇತ್ತು. ಅವತ್ತು ಎಲ್ಲರೂ ಮೊದಲ ಸಲ ಒಟ್ಟಿಗೆ ಕುಂತದ್ದು.

ಮೊದಲ ಸಾಲು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಎಪ್ಪತ್ತು ಗಂಟಲು ಒಂದಾದಾಗ ಹಳೇ ತೊಲೆಗಳು ಸಣ್ಣಗೆ ನಡುಗುತ್ತವೆ, ಅದನ್ನು ಕೇಳುವುದೇ ಒಂದು ಸುಖ. ಎರಡನೇ ಸಾಲಿನಲ್ಲಿ ಹಾಡು ಮೇಲೇರಿ 'ದ' ಸ್ವರಕ್ಕೆ, ಅಂದರೆ ಧೈವತಕ್ಕೆ ಬಂದು ನಿಂತಿತು ನೋಡಿ, ಅನ್ನದೊಳಗಿನ ಕಲ್ಲು ಹಲ್ಲಿಗೆ ಸಿಕ್ಕ ಹಾಗಾಯಿತು. ನಾಲ್ಕು ಪೇಟಿ, ಎಪ್ಪತ್ತು ಗಂಟಲು ಒಂದು ಧೈವತ ಹಿಡಿದಿವೆ; ಕೀಬೋರ್ಡ್ ಅದಕ್ಕಿಂತ ಕೂದಲೆಳೆಯಷ್ಟು ಮೇಲಿನದೊಂದು ಹಿಡಿದಿದೆ. ಪಿಟೀಲಿನವರಿಬ್ಬರು ಯಾರ ಕಡೆ ಹೋಗಬೇಕೋ ತಿಳಿಯದೆ ಕಮಾನನ್ನೇ ಎತ್ತಿಬಿಟ್ಟರು.

ಅತ್ತೆ ಕೈ ಎತ್ತಿ ಹಾಡು ನಿಲ್ಲಿಸಿದಳು. ನಿಲ್ಲಿಸುವುದು ನನ್ನ ಕೆಲಸ, ಆದರೆ ಅವಳಿಗೆ ಅದನ್ನು ಯಾರು ಹೇಳಬೇಕು!

"ತಮ್ಮಾ," ಎಂದಳು ಕೀಬೋರ್ಡಿನ ಹುಡುಗನಿಗೆ, "ನಿನ್ನ ಮಷಿನ್ನಿಗೆ ನೆಗಡಿ ಆಗೇತೇನ ನೋಡು."

"ಇಲ್ರಿ ಅಮ್ಮಾ, ಇದಕ್ಕ ಹಂಗೆಲ್ಲ ಆಗೂದಿಲ್ರಿ. ಕಂಪನಿಯಿಂದ ಹೆಂಗ ಬಂದೈತೋ ಹಂಗ ಇರತೈತ್ರಿ."

"ಕಂಪನಿಯವ್ರು ದಿನಾ ಭಜನಿ ಮಾಡ್ತಾರೇನು?" ಬಾಗಿಲ ಹತ್ತಿರದಿಂದ ಮುಂಡರಗಿಯ ಹಿರಿಯರು ಕೇಳಿದರು. ಅವರ ಮೇಳದ ಮುಖ್ಯ ಹಾಡುಗಾರರು ಅವರು. ಎಂಬತ್ತಕ್ಕೆ ಹತ್ತಿರ, ದನಿ ಮಾತ್ರ ಕಂಚು. "ನಾಕ ಊರು ಒಂದ ಕಡೆ ಅದಾವು, ನೀ ಒಬ್ಬಾವ ಒಂದ ಕಡೆ ಅದಿ. ಕೈ ಎತ್ತಿಸಿ ಎಣಸೋಣ ಬೇಕಾರ."

ಎಲ್ಲರೂ ನಕ್ಕರು. ಹುಡುಗ ಕಿವಿವರೆಗೆ ಕೆಂಪಾದ. ಅಪ್ಪನಿಗೆ ಪಾಪ ಎನಿಸಿತು.

"ಬೈಬ್ಯಾಡ್ರಿ ಅವನ್ನ. ಹುಬ್ಬಳ್ಳಿ ಗಾಳಿಗೆ ಸ್ವಲ್ಪ ಏರಿರತೈತಿ. ಎರಡ ದಿನ ನಮ್ಮ ಕಡೆ ಇದ್ರ ಇಳೀತೈತಿ," ಎಂದರು, ವೈದ್ಯರ ಹಾಗೆ.

ಅಪ್ಪನ ಮಾತೆಂದರೆ ಅಲ್ಲಿಗೆ ಮುಗಿಯಿತು. ಯಾಕೆ ಮುಗಿಯಿತು ಎಂದು ಹೇಳದೆ ಮುಂದೆ ಹೋಗುವಂತಿಲ್ಲ.

ನಮ್ಮದು ನೇಕಾರರ ಮನೆ, ಹಾಗೆಯೇ ಸಂಗೀತದ ಮನೆ. ಎರಡೂ ಒಂದೇ ಸೂರಿನಡಿ, ಒಂದಕ್ಕೊಂದು ಅಡ್ಡ ಬರದಂತೆ ನಡೆದವು. ಅಜ್ಜ ಹಗಲಿಗೆ ಸೀರೆ ನೇಯುತ್ತಿದ್ದರು, ಸಂಜೆಗೆ ಊರೂರಿನ ಪೇಟಿ ರಿಪೇರಿ ಮಾಡುತ್ತಿದ್ದರು. ಅಪ್ಪ ಅವರಿಂದ ಎರಡೂ ಕಲಿತರು. ನಡುವೆ ಕೆಲವು ವರ್ಷ ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸಿ ಬಂದರು. ಅತ್ತೆ ಯಾರಿಂದಲೂ ಕಲಿಯಲಿಲ್ಲ, ಹುಟ್ಟುತ್ತಲೇ ಹಾಡಿದಳು. ಅತ್ತದ್ದು ಕಡಿಮೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುತ್ತಾ ಶುರು ಮಾಡಿದೆ. ಆಮೇಲೆ ಶಾಲೆಯೊಂದರಲ್ಲಿ ಸಂಗೀತ ಮಾಸ್ತರಿಕೆ. ಅಲ್ಲಿಂದ ಪ್ರಾರ್ಥನೆಗೆ ಹೊಸ ಧಾಟಿ, ನಾಟಕಕ್ಕೆ ರಂಗಗೀತೆ, ಮುಂಡರಗಿಯ ಬಟ್ಟೆ ಅಂಗಡಿಯ ಜಾಹೀರಾತಿಗೆ ಅರ್ಧ ನಿಮಿಷದ ಹಾಡು. ಆ ಅರ್ಧ ನಿಮಿಷದ್ದು ಇವತ್ತಿಗೂ ಜನರ ಬಾಯಲ್ಲಿದೆ. ನಾನು ಎದೆಯಿಂದ ತೆಗೆದು ಕೂಡಿಸಿದ ದೊಡ್ಡ ದೊಡ್ಡವು ನನ್ನ ಬಾಯಲ್ಲಿ ಮಾತ್ರ ಇವೆ.

ವಾದ್ಯವೃಂದ ನಡೆಸುವುದನ್ನು ಕಲಿತದ್ದು ಹುಬ್ಬಳ್ಳಿಯ ಒಂದು ಚರ್ಚಿನ ಮುದಿ ಮಾಸ್ತರರಿಂದ. ಎರಡು ವರ್ಷ ಪ್ರತಿ ಶನಿವಾರ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಹೋಗಿ ಬಂದೆ. ಕಲಿತು ಬಂದು ಮನೆಯಲ್ಲಿ ಮಾಡಿ ತೋರಿಸಿದಾಗ ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದು ಬಹಳ ಹೊತ್ತು ನೋಡಿದಳು.

"ಬಾರಸೂದಿಲ್ಲೇನು?"

"ಇಲ್ಲ."

"ಹಾಡೂದೂ ಇಲ್ಲ?"

"ಇಲ್ಲ ಅಜ್ಜಿ. ಉಳಿದವರು ಹಾಡ್ತಾರ, ನಾ ನಡಸ್ತೀನಿ."

"ಯವ್ವಾ, ಬರೇ ಕೈ ಬೀಸಾಕ ರೈಲಿನ್ಯಾಗ ಹೋಗಿ ಬಂದ್ಯಾ? ಅದನ್ನ ನಮ್ಮ ಕಟ್ಟಿ ಮ್ಯಾಲ ಕುಂತ ಕಲೀಬಹುದಿತ್ತಲ್ಲೋ."

ಲಕ್ಷ್ಮೇಶ್ವರದಲ್ಲಿ, ಸೋಮೇಶ್ವರ ಗುಡಿಯ ಅಂಗಳದಲ್ಲಿ, ನಾನು ಮೊದಲ ಸಲ ಮೂವತ್ತು ಜನರ ಮೇಳ ನಡೆಸಿದಾಗ ಮುಂದಿನ ಸಾಲಿನ ಒಬ್ಬ ಹಿರಿಯರು ಮೆಲ್ಲಗೆ ಎದ್ದು ಬಂದು, ನನ್ನ ತಲೆಯ ಸುತ್ತ ತಮ್ಮ ಟವೆಲ್ಲನ್ನು ನಾಲ್ಕು ಸಲ ಬೀಸಿ ಹೋದರು. ಜೇನುಹುಳ ಎದ್ದಿರಬೇಕು, ಒಬ್ಬನೇ ಒದ್ದಾಡುತ್ತಿದ್ದಾನೆ ಅಂದುಕೊಂಡಿದ್ದರಂತೆ. ಅವತ್ತು ಮೇಳದವರು ನಗುತ್ತಲೇ ಹಾಡಿದರು, ಚೆನ್ನಾಗಿಯೂ ಹಾಡಿದರು. ನಗುವ ಗಂಟಲು ಬಿಗಿಯಾಗುವುದಿಲ್ಲ ಎಂದು ನನಗೆ ತಿಳಿದದ್ದು ಅಲ್ಲಿ. ಅಂದಿನಿಂದ ಎಷ್ಟೇ ದೊಡ್ಡ ಕಾರ್ಯಕ್ರಮವಾದರೂ ಶುರುವಿಗೆ ಮುಂಚೆ ಏನಾದರೊಂದು ನಗೆಮಾತು ಆಡಿಯೇ ಕೈ ಎತ್ತುತ್ತೇನೆ.

ಇನ್ನು ತಾಯಿ ಪೇಟಿಯ ಮಾತು. ಪೇಟಿಯೊಳಗೆ ಪ್ರತಿ ಸ್ವರಕ್ಕೆ ಹಿತ್ತಾಳೆಯ ಒಂದು ಸಣ್ಣ ಪಟ್ಟಿ ಇರುತ್ತದೆ. ನಾವು ಅದಕ್ಕೆ ನಾಲಿಗೆ ಅನ್ನುತ್ತೇವೆ. ಗಾಳಿ ಹೊಡೆದಾಗ ಅದು ನಡುಗಿ ದನಿ ಬರುತ್ತದೆ. ತುದಿಯನ್ನು ಒಂಚೂರು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಎಲ್ಲಿಗೆ ಏರಿಸಬೇಕು, ಎಲ್ಲಿಗೆ ಇಳಿಸಬೇಕು ಎನ್ನುವುದಕ್ಕೆ ಒಂದು ಅಳತೆ ಬೇಕಲ್ಲ? ಅಜ್ಜನ ಅಳತೆ ಅವರದೇ ಒಂದು ಹಳೇ ಪೇಟಿ. ಅದೇ ತಾಯಿ ಪೇಟಿ. ರಿಪೇರಿಗೆ ಬಂದ ಪೇಟಿಯನ್ನು ಅದರ ಪಕ್ಕದಲ್ಲಿಟ್ಟು, ಎರಡರ ದನಿ ಕೂಡಿ ಒಂದಾಗುವವರೆಗೆ ಕೆರೆಯುವುದು. ತಾಯಿ ಪೇಟಿಯನ್ನು ಮಾತ್ರ ಯಾರೂ ಬಿಚ್ಚುವಂತಿಲ್ಲ. ಅಜ್ಜ ಹಾಗೆ ಹೇಳಿಹೋಗಿದ್ದರು, ಅಪ್ಪ ಹಾಗೆ ನಡೆದುಕೊಂಡಿದ್ದರು. ನಲವತ್ತು ವರ್ಷದಿಂದ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಭಜನಾ ಮೇಳಗಳ ಪೇಟಿಗಳೆಲ್ಲ ನಮ್ಮ ಮಗ್ಗದ ಮನೆಗೆ ಬಂದು, ತಾಯಿ ಪೇಟಿಯ ಮಗ್ಗುಲಲ್ಲಿ ಕುಂತು ಹೋದಂಥವು.

ಅವತ್ತು ಚಹಾದ ಹೊತ್ತಿಗೆ, ಎಲ್ಲರೂ ಗಿರಮಿಟ್ಟು, ಮಿರ್ಚಿಯ ಸುತ್ತ ಮುತ್ತಿಕೊಂಡಿದ್ದಾಗ, ಕೀಬೋರ್ಡಿನ ಹುಡುಗ ನನ್ನನ್ನು ಹಿತ್ತಲಿಗೆ ಕರೆದ. ಕೈಯಲ್ಲಿ ಮೊಬೈಲು. ಸ್ವರ ಅಳೆಯುವ ಒಂದು ಆ್ಯಪ್ ಅದರಲ್ಲಿತ್ತು.

"ಸರ್, ತಪ್ಪು ತಿಳ್ಕೋಬ್ಯಾಡ್ರಿ. ನಾಕೂ ಪೇಟಿ ಸುಮ್ನ ಒತ್ತಿ ನೋಡೀನಿ. ಉಳಿದ ಸ್ವರ ಎಲ್ಲಾ ಬರೋಬ್ಬರಿ ಅದಾವು. ಅದೊಂದು ಧೈವತ ಮಾತ್ರ ಕೆಳಗ ಐತಿ. ನಾಕರಾಗೂ. ಅದೂ ಒಂದ ಅಳತಿ ಕೆಳಗ. ನಾಕ ಊರಿನ ಪೇಟಿ ಒಂದ ಅಳತೀಲೆ ತಪ್ಪೂದು ಹೆಂಗ ಸರ್?"

ಹೇಗೆ ಎನ್ನುವುದು ನನಗೆ ಅವನು ಕೇಳಿ ಮುಗಿಸುವ ಮೊದಲೇ ಹೊಳೆದಿತ್ತು. ತಾಯಿ ತಪ್ಪಿದ್ದಳು, ಮಕ್ಕಳೆಲ್ಲ ಅವಳ ಹಿಂದೆ ಹೋಗಿದ್ದವು. ಆ ಪೇಟಿಗಳ ಜೊತೆ ಹಾಡಿ ಹಾಡಿ ಗಂಟಲುಗಳೂ ಹೋಗಿದ್ದವು, ನನ್ನ ಗಂಟಲೂ ಅದರಲ್ಲೇ ಇತ್ತು.

"ಇದನ್ನ ಯಾರ ಮುಂದೂ ಹೇಳಬ್ಯಾಡಪಾ," ಎಂದೆ.

ನನ್ನ ಹಾಡಿನ ಚಿಂತೆ ಅಲ್ಲ ಅದು. ಅಪ್ಪನ ಕಣ್ಣು ಮಂಜಾಗಿ ಆರೇಳು ವರ್ಷವಾಗಿತ್ತು. ಓದುವುದು ಹೋಯಿತು, ಒಬ್ಬರೇ ತಿರುಗಾಡುವುದು ಹೋಯಿತು. ಬೆರಳು, ಕಿವಿ ಎರಡೇ ಉಳಿದದ್ದು. ಆ ಎರಡರಿಂದ ಆಗುವ ಕೆಲಸ ಪೇಟಿಯದೊಂದೇ. ವಾರಕ್ಕೊಂದಾದರೂ ಪೇಟಿ ಬರುತ್ತಿತ್ತು. ಬಾರದ ವಾರ ಅಪ್ಪ ಬಿಸಿ ರೊಟ್ಟಿಯನ್ನೂ ತಟ್ಟೆಯಲ್ಲಿ ಬಿಟ್ಟು ಏಳುತ್ತಿದ್ದರು. ನಲವತ್ತು ವರ್ಷ ತಪ್ಪು ಅಳತೆಯಲ್ಲಿ ಕೊಟ್ಟಿದ್ದಾರೆ ಎಂಬ ಖಬರು ನಾಲ್ಕು ಊರಿಗೆ ಹಬ್ಬಿದರೆ, ಆಮೇಲೆ ನಮ್ಮ ಬಾಗಿಲಿಗೆ ಪೇಟಿ ಹೊತ್ತು ತರುವವರು ಯಾರು?

ಮೂರು ದಿನ ಯೋಚನೆ ಮಾಡಿ ನಾನೊಂದು ಜಾಣತನ ಮಾಡಿದೆ. ಹಾಡಿನಿಂದ ಧೈವತವನ್ನೇ ತೆಗೆದುಹಾಕಿದೆ. ಭೂಪದ ಧೈವತ ತೆಗೆದು ಅಲ್ಲಿ ನಿಷಾದ ಇಟ್ಟರೆ ಹಂಸಧ್ವನಿ ರಾಗವಾಗುತ್ತದೆ, ಅದರಲ್ಲಿ ಧೈವತದ ಗೊಡವೆಯೇ ಇಲ್ಲ. ಇಡೀ ಹಾಡನ್ನು ಹಾಗೆ ತಿರುಗಿಸಿ ಬರೆದು, ಬಹಳ ದೊಡ್ಡ ಕೆಲಸ ಮಾಡಿದವನ ಹಾಗೆ ಅಪ್ಪನ ಮುಂದೆ ಕುಂತು ಹಾಡಿ ತೋರಿಸಿದೆ. ಅತ್ತೆ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದಳು.

ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಧೈವತ ಎಲ್ಲಿ ಹೋತಲೇ?"

"ಹಿಂಗ ಛಂದ ಅನಿಸ್ತು ಅಪ್ಪಾ."

"ಛಂದ ಐತಿ. ಖರೆ, ಇದು ಛಂದಕ್ಕ ಮಾಡಿದ್ದಲ್ಲ." ಅಪ್ಪ ಕಣ್ಣು ತೆರೆದರು. "ನಾಟಕ ಕಂಪನ್ಯಾಗ ನಾ ಎಷ್ಟು ಮಂದಿಗೆ ಹಿಂಗ ಮಾಡೀನಿ ಗೊತ್ತೇನು? ರಾಜಾಪಾರ್ಟಿನವನಿಗೆ ಒಂದ ಸ್ವರ ನಿಲ್ಲತಿರಲಿಲ್ಲ ಅಂದ್ರ ಆ ಸ್ವರಾನ ಹಾಡಿನ್ಯಾಗಿಂದ ತಗದ ಬಿಡತಿದ್ದೆ. ಮಂದಿಗೆ ತಿಳಿಬಾರದು, ಅವನ ಮಾನ ಉಳಿಬೇಕು. ಈಗ ಹೇಳು. ನೀ ಯಾರ ಮಾನ ಮುಚ್ಚಾಕ ಹತ್ತೀದಿ?"

ಅತ್ತೆಯ ಕೈಯಲ್ಲಿ ಮೆಂತ್ಯದ ಸಿವುಡು ಹಾಗೇ ನಿಂತಿತು.

"ನಂದಾ?" ಎಂದರು ಅಪ್ಪ.

ಹೇಳಲೇಬೇಕಾಯಿತು. ಹೇಳಿದೆ. ಮೊಬೈಲಿನಲ್ಲಿ ಅದೇ ಆ್ಯಪ್ ಹಾಕಿಕೊಂಡಿದ್ದೆ; ಅದರಿಂದ ಸರಿಯಾದ ಧೈವತದ ದನಿ ಬರಿಸಿದೆ. ಅಪ್ಪ ತಾಯಿ ಪೇಟಿಯನ್ನು ಎಳೆದುಕೊಂಡು ಅದರ ಧೈವತ ಒತ್ತಿದರು. ಎರಡೂ ದನಿ ಕೂಡಿದಾಗ ನಡುವೆ ಒಂದು ಅಲೆ ಎದ್ದಿತು, ವಾಂವ್ ವಾಂವ್ ಅಂತ. ಜೀವಮಾನವಿಡೀ ಬೇರೆಯವರ ಪೇಟಿಯಲ್ಲಿ ಆ ಅಲೆಯನ್ನೇ ಹುಡುಕಿ ಕೊಂದವರು ಅವರು. ಬಿಡದೆ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಬಿಟ್ಟರು.

"ಇಸ್ಕ್ರೂಡೈವರ ತಾ," ಎಂದರು.

"ಅಣ್ಣಾ!" ಅತ್ತೆ ಕೂಗಿದಳು. "ತಾಯಿ ಪೇಟಿ ಅದು. ಅಪ್ಪ ಬಿಚ್ಚಬ್ಯಾಡ ಅಂದಿದ್ದ."

"ಅಪ್ಪ ಇದ್ದಿದ್ರ ಇಷ್ಟೊತ್ತಿಗೆ ಅವನೇ ಬಿಚ್ಚಿರತಿದ್ದ. ತಾ."

ನಾನು ಬಿಚ್ಚಿದೆ, ಅಪ್ಪ ಬೆರಳಾಡಿಸಿದರು. ಒಳಗಿನ ನಾಲಿಗೆಗಳನ್ನು ಒಂದೊಂದಾಗಿ ಸವರುತ್ತಾ ಹೋಗಿ ಒಂದರ ಮೇಲೆ ನಿಂತರು. ಅದರ ತುದಿಯಲ್ಲಿ ಏನೋ ಅಂಟಿಕೊಂಡಿತ್ತು, ಗಸಗಸೆಯಷ್ಟು. ಉಗುರಿನಿಂದ ಎಬ್ಬಿಸಿದರು, ಚಕ್ಕೆ ಎದ್ದು ಬಂತು. ಹಳದಿ, ಗಟ್ಟಿ. ಮೂಸಿದರು, ಆಮೇಲೆ ಹಲ್ಲಿನಲ್ಲಿ ಕಡಿದು ನೋಡಿದರು.

"ಗಂಜಿ," ಎಂದರು.

ನೂಲು ಗಟ್ಟಿಯಾಗಲೆಂದು ಮಗ್ಗದ ಹಾಸಿನ ಎಳೆಗಳಿಗೆ ಗಂಜಿ ಹೊಡೆಯುತ್ತಾರೆ. ಅಜ್ಜ ಯಾವತ್ತೋ ಗಂಜಿ ಹೊಡೆಯುವಾಗ ಒಂದು ಹನಿ ಸಿಡಿದು, ಮುಚ್ಚಳ ತೆರೆದಿಟ್ಟಿದ್ದ ಪೇಟಿಯ, ಬೆರಳಿನಿಂದ ಒತ್ತುವ ಮನೆಗಳ ಸಂದಿಯಿಂದ ಇಳಿದು, ಹಿತ್ತಾಳೆಯ ಮೇಲೆ ಕುಂತು ಒಣಗಿತ್ತು. ತುದಿ ಭಾರವಾಗಿ ಸ್ವರ ಇಳಿದಿತ್ತು. ಅದು ಇಳಿದದ್ದನ್ನು ಹೇಳಬೇಕಾದ ಬೇರೆ ಅಳತೆ ಮನೆಯಲ್ಲಿ ಇರಲಿಲ್ಲ.

ಅಪ್ಪ ಪೇಟಿ ಒತ್ತಿದರು. ಅಲೆ ಇಲ್ಲ. ಮೊಬೈಲಿನ ಧೈವತ, ಪೇಟಿಯ ಧೈವತ ಒಂದೇ ಆಗಿದ್ದವು.

ಅತ್ತೆ ಸೊಪ್ಪು ಬದಿಗಿಟ್ಟಳು. "ಅಂದ್ರ ನಾಕ ಊರಿನವರು ಕೂಡಿ ಇಷ್ಟು ವರ್ಷ ನಮ್ಮಪ್ಪನ ಗಂಜಿ ಹಾಡಿದಿವಿ!" ಎಂದಳು. ಮೊದಲು ನಕ್ಕವರು ಅಪ್ಪ. ಕುಣಿಯ ಅಂಚಿನಲ್ಲಿ ಕುಂತವರು ಒಳಗೇ ಜಾರಿಬಿದ್ದಾರೇನೋ ಎಂದು ನಾನು ತೋಳು ಹಿಡಿದುಕೊಂಡೆ. ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ನಗು ಮುಗಿದ ಮೇಲೆ ಅಪ್ಪ, "ಹಾಡು ಮೊದಲಿನಂಗ ಮಾಡು. ನಾಳಿಂದ ಊರೂರಿಗೆ ಹೋಗೂಣು. ನಾಕೂ ಪೇಟಿ ನಾನ ಸರಿ ಮಾಡತೀನಿ," ಎಂದರು.

"ಏನೂ ಹೇಳದ ಮಾಡಬಹುದಲ್ಲ ಅಪ್ಪಾ. ಕಾರ್ಯಕ್ರಮಕ್ಕ ಅಂತ ಒಮ್ಮೆ ನೋಡಾಕ ಬಂದೀವಿ ಅಂದ್ರಾತು."

"ಸ್ವರ ಇಳಿಸೀನಿ ಅಂತ ಗೊತ್ತಿಲ್ಲದ ಇಳಿಸಿದ್ದೆ. ಈಗ ಗೊತ್ತೈತಿ. ಹೇಳದ ಏರಿಸಿದ್ರ ಅದು ಕಳವು ಆಗತೈತಿ."

ಬೆಟಗೇರಿಯದನ್ನು ಮನೆಯಲ್ಲೇ ಮುಗಿಸಿ, ಪರಿಚಯದವರ ಕಾರಿನಲ್ಲಿ ಅಪ್ಪನನ್ನು, ತಾಯಿ ಪೇಟಿಯನ್ನು ಕೂಡಿಸಿಕೊಂಡು ಹೊರಟೆ. ಪ್ರತಿ ಊರಲ್ಲೂ ಅಪ್ಪ ಕುಂತ ಕೂಡಲೇ ಮೊದಲ ಮಾತು ಅದೇ: "ನಿಮ್ಮ ಪೇಟಿ ತಪ್ಪೈತಿ. ತಪ್ಪಿಸಿದಾವ ನಾನು." ಲಕ್ಷ್ಮೇಶ್ವರದವರು ಗಂಜಿಯ ಕಥೆಯನ್ನು ಎರಡು ಸಲ ಹೇಳಿಸಿ, ಅಂಗಡಿ ಸಾಲಿನವರನ್ನೆಲ್ಲ ಕರೆದು ಮೂರನೇ ಸಲ ಹೇಳಿಸಿದರು. ಶಿರಹಟ್ಟಿಯ ಮಾಸ್ತರರು ಚರ್ಚೆಗೆ ಇಳಿದರು: ನಾಲ್ಕು ಊರು ಒಪ್ಪಿದ್ದನ್ನು ತಪ್ಪು ಎನ್ನಬಹುದೇ ಅಂತ. ಅವರ ಚರ್ಚೆ ಮುಗಿಯುವುದರೊಳಗೆ ಅಪ್ಪನ ಕೆಲಸ ಮುಗಿದಿತ್ತು.

ಗಟ್ಟಿ ನಿಂತವರು ಮುಂಡರಗಿಯ ಹಿರಿಯರು. ಪೇಟಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಂತುಬಿಟ್ಟರು.

"ಮುಟ್ಟಬ್ಯಾಡ್ರಿ. ನಮ್ಮ ಧೈವತ ನಮಗ ಸಾಕು."

"ತಪ್ಪೈತೋ ಮಾರಾಯ," ಅಪ್ಪ ಹೇಳಿದರು.

"ನಲವತ್ತು ವರ್ಷದ ಹಿಂದ ನಾನು 'ಧೈವತ ಸ್ವಲ್ಪ ಸಪ್ಪಗ ಐತೇನೋ' ಅಂತ ಕೇಳಿದ್ದೆ. ನೀ ಏನಂದಿ? 'ನಿನ್ನ ಕಿವಿ ತೊಳಕೊಂಡು ಬಾ' ಅಂದಿ. ಮಂದಿ ಎದುರಿಗೆ ಅಂದಿ. ತೊಳಕೊಂಡು ಬಂದ ನಿನ್ನ ಧೈವತ ಕಲಿತೆ. ಈಗ ಬಂದು ಅದೂ ತಪ್ಪು ಅಂತೀಯಲ್ಲ!"

ಅಪ್ಪ ತಡವರಿಸುತ್ತಾ ಅವರ ಹತ್ತಿರ ಸರಿದು ಕುಂತರು. "ಆವತ್ತು ನಿಂದ ಖರೆ ಇತ್ತು," ಎಂದರು. "ಕಿವಿ ತೊಳಕೋಬೇಕಾದಾವ ನಾನು."

ಹಿರಿಯರು ಸುತ್ತ ನೋಡಿದರು. "ಎಲ್ಲಾರೂ ಕೇಳಿದ್ರೇನು?" ಎಂದರು. ಮೇಳದವರು ಹೌದೆಂದರು. "ಇನ್ನೊಮ್ಮೆ ಜೋರಾಗಿ ಹೇಳು."

ಅಪ್ಪ ಜೋರಾಗಿ ಹೇಳಿದರು. ಹಿರಿಯರು ಪೇಟಿಯ ಮೇಲಿನ ಕೈ ತೆಗೆದರು, ಆಮೇಲೆ ನಮಗೆ ಊಟ ಮಾಡದೆ ಏಳಲು ಬಿಡಲಿಲ್ಲ.

ಪೇಟಿ ಸರಿಯಾದವು ಎಂದು ನಾನು ಹಿಗ್ಗಿದ್ದು ಮುಂದಿನ ಭಾನುವಾರದವರೆಗೆ. ಆ ಭಾನುವಾರ ಎಲ್ಲರೂ ಮತ್ತೆ ಕುಂತರು, ನಾನು ಕೈ ಎತ್ತಿದೆ, ಧೈವತ ಬಂತು. ಈಗ ಪೇಟಿ, ಕೀಬೋರ್ಡ್ ಎಲ್ಲ ಮೇಲೆ, ಎಪ್ಪತ್ತು ಗಂಟಲು ಹಳೇ ಜಾಗದಲ್ಲೇ ಕೆಳಗೆ! ಹಿತ್ತಾಳೆಯನ್ನು ಕೆರೆಯಬಹುದು, ಗಂಟಲನ್ನು ಏನು ಮಾಡುವುದು? ಬೈದೆ, ಬೇಡಿಕೊಂಡೆ, ಒಬ್ಬೊಬ್ಬರಿಂದ ಹಾಡಿಸಿದೆ. ಒಬ್ಬೊಬ್ಬರಾದಾಗ ಸರಿ, ಎಲ್ಲ ಕೂಡಿದ ಕೂಡಲೇ ಒಬ್ಬರನ್ನೊಬ್ಬರು ಕೈಹಿಡಿದು ಕೆಳಗೆ ಇಳಿಸಿಕೊಂಡು ಬರುತ್ತಿದ್ದರು.

ಅತ್ತೆ ನನ್ನ ಒದ್ದಾಟ ನೋಡಿ ನೋಡಿ ಬೇಸತ್ತಳು.

"ಲೇ, ಆ ಕೈ ಸುಮ್ನ ಬೀಸತೀಯಲ್ಲ, ಅದಕ್ಕೊಂದು ಕೆಲಸ ಹಚ್ಚು. ಹಂಚಿನ ಮ್ಯಾಲ ರೊಟ್ಟಿ ಉಬ್ಬಿದಾಗ ಬೆರಳ ತುದೀಲೆ ಎತ್ತತೀವಲ್ಲ, ಹಂಗ ಎತ್ತು. ನಮಗ ತಿಳಿತೈತಿ."

ಎತ್ತಿದೆ. ಎಡಗೈಯ ಮೂರು ಬೆರಳಿನಿಂದ, ಸುಟ್ಟುಕೊಳ್ಳದ ಹಾಗೆ, ರೊಟ್ಟಿಯ ಅಂಚು ಹಿಡಿದಂತೆ. ಹೆಂಗಸರ ಮೇಳದ ಧೈವತ ಒಮ್ಮೆಗೇ ಮೇಲೆ ಬಂತು. ಗಂಡಸರಿಗೆ ಎರಡು ತಾಲೀಮು ಬೇಕಾಯಿತು. ಮುಂಡರಗಿಯ ಹಿರಿಯರು ಮಾತ್ರ, "ನಾ ಎಂದೂ ರೊಟ್ಟಿ ಸುಟ್ಟಿಲ್ಲ," ಎಂದು ಕೊನೆಯವರೆಗೆ ತಕರಾರು ಮಾಡುತ್ತಲೇ ಸರಿಯಾಗಿ ಹಾಡಿದರು. ಹುಬ್ಬಳ್ಳಿಯಲ್ಲಿ ಎರಡು ವರ್ಷ ಕಲಿತದ್ದರಲ್ಲಿ ಆ ಸನ್ನೆ ಇರಲಿಲ್ಲ. ನನ್ನ ಕಸುಬಿನ ಬಗ್ಗೆ ನಮ್ಮ ಮನೆಯಲ್ಲಿ ಮೊದಲ ಒಳ್ಳೆ ಮಾತು ಬಂದದ್ದೂ ಅವತ್ತೇ: "ಪೂರಾ ದಂಡ ಅಲ್ಲ ಬಿಡು," ಎಂದಳು ಅತ್ತೆ.

ಕಾರ್ಯಕ್ರಮ ಚೆನ್ನಾಗಿ ಆಯಿತು. ಭಾಷಣಗಳು ಉದ್ದವಾಗಿ ನಮ್ಮ ಹಾಡು ತಡವಾಯಿತು, ಮುಂಡರಗಿಯವರು ಎರಡು ಸಲ ಬಸ್ಸಿನ ವೇಳೆ ಕೇಳಿದರು. ನಾನು ವೇದಿಕೆಗೆ ಹೋಗಿ ಮೇಳದ ಕಡೆ ತಿರುಗಿ, "ಹಂಚು ಕಾದೈತೇನ್ರಿ?" ಎಂದು ಮೆಲ್ಲಗೆ ಕೇಳಿದೆ. ಎಪ್ಪತ್ತು ಮುಖ ನಕ್ಕವು, ನಾನು ಕೈ ಎತ್ತಿದೆ. ಕಪ್ಪತಗುಡ್ಡದ ಗಾಳಿ ಬೀಸುವ ಸಾಲಿಗೆ ಧೈವತ ಬಂದು ನಿಂತಾಗ ಪೇಟಿ, ಪಿಟೀಲು, ಕೊಳಲು, ಕೀಬೋರ್ಡ್, ಗಂಟಲು ಯಾವುದು ಯಾವುದೆಂದು ಬಿಡಿಸಿ ಹೇಳಲು ಬರಲಿಲ್ಲ. ಕೀಬೋರ್ಡಿನ ಹುಡುಗ ನನ್ನನ್ನು ನೋಡಿ ಹುಬ್ಬು ಹಾರಿಸಿದ. ಅಪ್ಪ ಮುಂದಿನ ಸಾಲಿನಲ್ಲಿ ಕುಂತು ತಲೆ ತಗ್ಗಿಸಿ ಕೇಳುತ್ತಿದ್ದರು. ಮನೆಗೆ ಬರುವಾಗ, "ಎರಡನೇ ಪಿಟೀಲಿನವನ ಪಂಚಮ ಸ್ವಲ್ಪ ನೋಡಬೇಕು," ಎಂದಷ್ಟೇ ಅಂದರು.

ಆಮೇಲೆ ಐದು ವಾರ ನಮ್ಮ ಬಾಗಿಲಿಗೆ ಒಂದೂ ಪೇಟಿ ಬರಲಿಲ್ಲ. ಗಂಜಿಯ ಕಥೆ ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು. ಸಂತೆಯಲ್ಲಿ ಸಿಕ್ಕವರು ನಗುತ್ತಾ ಅದನ್ನೇ ಕೇಳುತ್ತಿದ್ದರು, ತಮ್ಮ ಪೇಟಿಯ ಮಾತು ಎತ್ತುತ್ತಿರಲಿಲ್ಲ. ಅಪ್ಪ ಕುಣಿಯ ಅಂಚಿಗೆ ಕುಂತು, ಬಾಗಿಲಲ್ಲಿ ಸಪ್ಪಳವಾದರೆ ಮುಖ ಎತ್ತುತ್ತಿದ್ದರು. ಹಾಲಿನವ, ಪಕ್ಕದ ಮನೆಯ ಹುಡುಗಿ, ಕರೆಂಟಿನವ. ಮುಖ ತಗ್ಗಿಸುತ್ತಿದ್ದರು. "ಸುಗ್ಗಿ ಐತಲ್ಲ, ಮಂದಿಗೆ ಪುರಸೊತ್ತು ಇರೂದಿಲ್ಲ," ಎಂದು ನಾನು ಹೇಳಿದೆ. ಆಗ ಸುಗ್ಗಿ ಇರಲಿಲ್ಲ. ಅಪ್ಪನಿಗೂ ಅದು ಗೊತ್ತಿತ್ತು, ಹೌದು ಎಂದರು.

ಆರನೇ ವಾರ ಒಂದು ಮುಂಜಾನೆ ಡೋಣಿ ಎಂಬ ಊರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಅಲ್ಲಿಯ ಹೆಂಗಸರ ಭಜನಾ ಮೇಳ ನಡೆಸುವವಳು, ಅರವತ್ತರ ಆಜುಬಾಜು. ಗೋಣಿಚೀಲದಲ್ಲಿ ಸುತ್ತಿದ ಪೇಟಿಯನ್ನು ಬಗಲಲ್ಲಿ ಹಿಡಿದಿದ್ದಳು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಅಪ್ಪನ ಎದುರು ಕುಂತಳು.

"ತಪ್ಪು ಅಳತೀಲೆ ಪೇಟಿ ಮಾಡಿಕೊಟ್ಟೀನಿ ಅಂತ ಊರೂರಿಗೆ ಹೋಗಿ ಹೇಳಿದವ್ರು ನೀವ ಏನ್ರಿ?"

"ನಾನ," ಎಂದರು ಅಪ್ಪ.

"ಹಂಗಾರ ಮೊದಲ ನಿಮ್ಮ ಪೇಟಿ ಬಿಚ್ಚಿ ತೋರಸ್ರಿ. ಆಮ್ಯಾಲ ನಂದು ಬಿಚ್ಚೀರಂತ."

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ಏನೋ ಹೇಳಹೊರಟಳು. ಅಪ್ಪ ಕೈಸನ್ನೆ ಮಾಡಿ ಅವಳನ್ನು ತಡೆದು, ತಾವೇ ತಾಯಿ ಪೇಟಿ ಎಳೆದುಕೊಂಡು ತಡಕಾಡುತ್ತಾ ಇಸ್ಕ್ರೂ ಬಿಚ್ಚಿದರು. ಆಕೆ ಚಾಳೀಸು ಹಾಕಿಕೊಂಡು, ನಾಲಿಗೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಾಗಿ ಬಾಗಿ ನೋಡಿದಳು. ಒಂದೆರಡು ಕಡೆ ಉಫ್ ಎಂದು ಊದಿದಳು.

"ಆತು, ಸ್ವಚ್ಛ ಐತಿ," ಎಂದಳು. "ಈಗ ನಂದು ಮಾಡ್ರಿ."

ಅಪ್ಪ ಸಂಜೆವರೆಗೆ ಕುಂತು ಮಾಡಿದರು. ಆಕೆ ಅದನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತಿಕೊಂಡು ಮುಂಡರಗಿ ಬಸ್ಸಿಗೆ ಹೋದಳು. ಅವತ್ತು ಅಪ್ಪ ಮೂರು ರೊಟ್ಟಿ ತಿಂದರು. ಆ ವಾರ ಅಸುಂಡಿಯಿಂದ ಒಂದು, ಶಿರಹಟ್ಟಿಯಿಂದ ಎರಡು ಪೇಟಿ ಬಂದವು.